ಕುಚ್ಚು ಹಾಕೋದನ್ನ ಬಿಸಿನೆಸ್ ಮಾಡ್ಕೋಬೇಕಾ?

[ದೃಶ್ಯ: ರೇಷ್ಮೆ ಸೀರೆಯ ಸೆರಗು, ಬೆರಳ ಸಂದಿಯಲ್ಲಿ ದಾರ]

ನಮಸ್ಕಾರ. ಬಸವನಗುಡಿಯಿಂದ ಒಬ್ರು ಕೇಳಿದಾರೆ: "ಮೂರು ವರ್ಷದಿಂದ ಮನೆಯವರ ಸೀರೆಗಳಿಗೆಲ್ಲ ನಾನೇ ಕುಚ್ಚು ಹಾಕ್ತೀನಿ. ನೋಡಿದೋರೆಲ್ಲ ಆರ್ಡರ್ ತಗೊಳ್ಳಿ ಅಂತಾರೆ. ತಗೊಳ್ಲಾ?"

ಇನ್‌ಸ್ಟಾಗ್ರಾಮ್ ಪೇಜು, ಚಿಕ್ಕಪೇಟೆಯಿಂದ ಹೋಲ್‌ಸೇಲಲ್ಲಿ ದಾರ, ಮಣಿ ತರೋದು, ಇವೆಲ್ಲ ನಿಮಗೆ ಗೊತ್ತಿರೋದೇ. ನನ್ನ ತಲೆಯಲ್ಲಿ ಕೂತಿದ್ದು ಬೇರೆ ಪ್ರಶ್ನೆ. ಇಷ್ಟಪಟ್ಟು ಮಾಡೋ ಕೆಲಸಕ್ಕೆ ದುಡ್ಡು ಬರೋಕೆ ಶುರುವಾದ್ರೆ ಆ ಇಷ್ಟ ಏನಾಗುತ್ತೆ?

[ದೃಶ್ಯ: ಬಣ್ಣದ ಸ್ಕೆಚ್ ಪೆನ್ನುಗಳು]

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ, ತಾವಾಗೇ ಚಿತ್ರ ಬಿಡಿಸೋ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದ್ರು. ಮೊದಲನೇ ಗುಂಪಿಗೆ "ಬಿಡಿಸಿದ್ರೆ ಚಿನ್ನದ ನಕ್ಷತ್ರ, ರಿಬ್ಬನ್ ಇರೋ ಪ್ರಶಸ್ತಿಪತ್ರ ಕೊಡ್ತೀವಿ" ಅಂತ ಮುಂಚೇನೇ ಹೇಳಿದ್ರು. ಎರಡನೇ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ರು. ಮೂರನೇದಕ್ಕೆ ಏನೂ ಇಲ್ಲ.

ಒಂದೆರಡು ವಾರ ಬಿಟ್ಟು ಪೆನ್ನುಗಳನ್ನ ತರಗತಿಯಲ್ಲಿ ಸುಮ್ನೆ ಇಟ್ಟು, ಮಕ್ಕಳಿಗೆ ಕಾಣದ ಹಾಗೆ ನೋಡಿದ್ರು. ಏನೂ ಸಿಗದ ಮಕ್ಕಳು ಆಟದ ಹೊತ್ತಲ್ಲಿ ಸುಮಾರು ಶೇ. 17ರಷ್ಟು ಚಿತ್ರ ಬಿಡಿಸಿದ್ರು. ಕೇಳದೆ ಪಡೆದವರು ಶೇ. 18. ಪ್ರಶಸ್ತಿ ಸಿಗುತ್ತೆ ಅಂತ ಮುಂಚೇನೇ ಗೊತ್ತಿದ್ದು ಬಿಡಿಸಿದವರು? ಶೇ. 9ರ ಆಸುಪಾಸು!

ಪತ್ರ ಅದೇ, ರಿಬ್ಬನ್ನೂ ಅದೇ. ಮುಂಚೆ ಹೇಳಿದ್ರಾ ಇಲ್ವಾ ಅನ್ನೋದಷ್ಟೇ ವ್ಯತ್ಯಾಸ. ಇದನ್ನ ಓದಿದಾಗ ನಂಗೆ ತಕ್ಷಣ ನೆನಪಾಗಿದ್ದು ನಮ್ಮ ಮನೆಗಳ ಬ್ಲೌಸ್ ಪೀಸು. ಅತ್ತೆಯ ಸೀರೆಗೆ ಕುಚ್ಚು ಹಾಕಿ ಕೊಡ್ತೀರಿ, ಅವರು ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್ ಕೈಗಿಡ್ತಾರೆ. ಅದು ಎರಡನೇ ಗುಂಪಿನ ಪ್ರಶಸ್ತಿ, ಕುಚ್ಚಿನ ಮೇಲಿನ ಆಸೆ ಹಾಗೇ ಉಳಿಯುತ್ತೆ. "ಶುಕ್ರವಾರದೊಳಗೆ ಬೇಕು, ಮೆಜೆಂತಾನೇ ಆಗ್ಬೇಕು, ಎಷ್ಟಾಗುತ್ತೆ?" ಅಂತ ಫೋನ್ ಬಂತಾ, ನೀವು ಮೊದಲನೇ ಗುಂಪಿಗೆ ಬಂದ್ರಿ.

ಹಾಗಂತ ಮೂರರಿಂದ ಐದು ವರ್ಷದ ಮಕ್ಕಳ ಫಲಿತಾಂಶವನ್ನ ದೊಡ್ಡವರಿಗೆ ನೇರವಾಗಿ ಹೊಲಿದುಬಿಡೋಕಾಗಲ್ಲ. ಬಾಡಿಗೆ, ಸ್ಕೂಲ್ ಫೀಸು ಕಟ್ಟಬೇಕಾದ ಹೆಣ್ಮಗಳಿಗೆ ಆ ದುಡ್ಡೇ ದೊಡ್ಡ ಸಂತೋಷ, ಅದನ್ನ ಯಾರೂ ಕಮ್ಮಿ ಮಾಡಿ ಮಾತಾಡಬಾರದು. ನಾನು ಹೇಳೋದಿಷ್ಟೇ: ನೀವು ಯಾವ ಗುಂಪು ಅಂತ ಮನೇಲೇ ಪರೀಕ್ಷೆ ಮಾಡಿ. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ಸೀರೆ ಮಾತ್ರ ಒಪ್ಕೊಳ್ಳಿ, ಹೊರಗಿನವರದ್ದು, ರೇಟು ಮೊದಲೇ ಹೇಳಿ. ಹಬ್ಬ ಮುಗಿದ ಮೇಲೆ ದಾರದ ಡಬ್ಬಿ ಕಣ್ಣೆದುರಿಗೆ ಇಡಿ. ಯಾರೂ ಕೇಳದೆ ಅದನ್ನ ತೆಗೀತೀರಾ ಅಂತ ಎರಡು ವಾರ ನಿಮ್ಮನ್ನ ನೀವೇ ನೋಡ್ಕೊಳ್ಳಿ.

[ದೃಶ್ಯ: ಪುಸ್ತಕದಲ್ಲಿ ಲೆಕ್ಕ]

ಸಮಯ ಆಗ್ತಿದೆ, ಉಳಿದಿದ್ದು ಬೇಗ. ಒಂದು ಸೀರೆಗೆ 500 ರೂಪಾಯಿ ತಗೊಂಡ್ರಿ, ದಾರ ಮಣಿಗೆ 100, ಕೆಲಸ ಐದು ಗಂಟೆ ಅಂದ್ಕೊಳ್ಳಿ: ಗಂಟೆಗೆ 80 ರೂಪಾಯಿ ಬಿತ್ತು. ಗಡಿಯಾರ ನೋಡಿಯೇ ರೇಟು ಹೇಳಿ. ಕುಚ್ಚಿನ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇರ್ಲಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು ಬೆಂಗಳೂರಿನವರಿಗೆ ಮರೆತಿರಲ್ಲ. ಕರ್ನಾಟಕದಲ್ಲಿ ಮಾಲು ಮಾರಾಟಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬೇರೆಯವರ ಸೀರೆಗೆ ಕುಚ್ಚು ಹಾಕಿಕೊಡೋದು ಸೇವೆ. ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮಗಳಿಗಿರೋ ಕೇಂದ್ರ ಸರ್ಕಾರದ ನೋಂದಣಿ, ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡ್ಬೇಡಿ.

ಬಸವನಗುಡಿಯ ಅಕ್ಕ, ಆ ಎರಡು ವಾರ ಕಳೆದ ಮೇಲೆ ನಂಗೆ ಬರೀರಿ: ಡಬ್ಬಿ ತೆಗೆದ್ರಾ? ಯಾರ ಸೀರೆಗೆ?