ಅರಳಿಕಟ್ಟೆ ತಿರುವಿನಲ್ಲಿ ಒಂದು ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕನಕಪುರ ರಸ್ತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ದೊಡ್ಡಕಲ್ಲಸಂದ್ರ ಮೆಟ್ರೊ ನಿಲ್ದಾಣ ದಾಟಿ ಸ್ವಲ್ಪ ಮುಂದೆ ಹೋಗಿ, ಒಳಗೆ ತಿರುಗಿದರೆ ನಮ್ಮ ಬಡಾವಣೆ. ಬಡಾವಣೆ ಅನ್ನುವುದು ಈಗಿನ ಮಾತು. ಮೊದಲು ಊರೇ. ಊರಿನ ಗುರುತಾಗಿ ಒಂದು ಅರಳಿಕಟ್ಟೆ ಉಳಿದಿದೆ. ಅಲ್ಲಿ ರಸ್ತೆ ಮೊಣಕೈ ಮಡಿಸಿದ ಹಾಗೆ ತಿರುಗುತ್ತದೆ. ಒಂದು ಕಾಲದಲ್ಲಿ ಎತ್ತಿನ ಗಾಡಿ ತಿರುಗುತ್ತಿದ್ದ ಜಾಗ ಅದು. ಈಗ ಅದೇ ಜಾಗದಲ್ಲಿ ಶಾಲೆ ವ್ಯಾನು, ನೀರಿನ ಟ್ಯಾಂಕರು, ಕ್ಯಾಬು, ಡೆಲಿವರಿ ಹುಡುಗರ ಸ್ಕೂಟರು ಎಲ್ಲವೂ ತಿರುಗಬೇಕು.

ಈ ತಿರುವಿನಿಂದ ಇನ್ನೂರು ಹೆಜ್ಜೆ ಮುಂದೆ ಒಂದು ಹಳೇ ತೆಂಗಿನ ತೋಟವಿದೆ. ಅಲ್ಲಿ ಸುಮಾರು 500 ಮನೆಗಳ ಅಪಾರ್ಟ್‌ಮೆಂಟ್ ಬರುತ್ತದಂತೆ. ತಗಡಿನ ಬೇಲಿ ಆಗಲೇ ಬಂದಿದೆ. ಬೇಲಿಯ ಮೇಲಿನ ಚಿತ್ರದಲ್ಲಿ ನಮ್ಮ ರಸ್ತೆಯೂ ಇದೆ. ಎಷ್ಟು ಅಗಲ ಅಂತೀರಿ! ಎರಡೂ ಕಡೆ ಮರ, ನಡುವೆ ಒಂದೇ ಒಂದು ಬಿಳಿ ಕಾರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನೂ ಅಪಾರ್ಟ್‌ಮೆಂಟಿನಲ್ಲೇ ಇರುವವನು. ನಮ್ಮದು 64 ಮನೆಗಳ ಕಟ್ಟಡ. ನಾವು ಬಂದ ಹೊಸದರಲ್ಲಿ ಹಾಲು ಕೊಡುತ್ತಿದ್ದ ಅಜ್ಜ ಒಬ್ಬರು, "ನೀವು ಬಂದ ಮೇಲೆ ನಮ್ಮ ಹಸು ರಸ್ತೆ ದಾಟೋಕೆ ಹೆದರ್ತಾವೆ ಸಾರ್" ಅಂದಿದ್ದರು. ಆಗ ನಕ್ಕುಬಿಟ್ಟಿದ್ದೆ. ಹಾಗಾಗಿ ಹೊಸಬರು ಬರಬಾರದು ಅನ್ನುವ ಹಕ್ಕು ನನಗಿಲ್ಲ. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಓಡಾಡತೊಡಗಿದ್ದು 2021ರ ಜನವರಿಯಲ್ಲಿ. ಮೆಟ್ರೊ ಪಕ್ಕದಲ್ಲಿ ಜನ ಮನೆ ಮಾಡದೆ ಇನ್ನೆಲ್ಲಿ ಮಾಡಬೇಕು? ನನ್ನ ತಕರಾರು ಇರುವುದು ಲೆಕ್ಕದ ಬಗ್ಗೆ.

ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ, 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಗಣಿಯೋ ದೊಡ್ಡ ಕಾರ್ಖಾನೆಯೋ ಆದರೆ ಸಾಮಾನ್ಯವಾಗಿ ಊರಿನವರನ್ನು ಕೂರಿಸಿ ಕೇಳುವ ಸಭೆ ಇರುತ್ತದೆ. ಅಪಾರ್ಟ್‌ಮೆಂಟಿಗೆ ಆ ಸಭೆಯಿಂದ ವಿನಾಯಿತಿ. ಅಂದರೆ ನಮ್ಮನ್ನು ಯಾರೂ ಕರೆಯುವುದಿಲ್ಲ, ನಾವೇ ಹುಡುಕಿಕೊಂಡು ಹೋಗಿ ಓದಬೇಕು. ಪರಿವೇಶ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಅರ್ಜಿಗಳು ಸಿಗುತ್ತವೆ. ನಾನು, ಎದುರು ಮನೆಯ ಮೇಷ್ಟ್ರು, ಇಬ್ಬರೂ ಕೂತು ಓದಿದೆವು. ಮೇಷ್ಟ್ರು ಮೂವತ್ತು ವರ್ಷ ಗಣಿತ ಹೇಳಿದವರು. ಟ್ರಾಫಿಕ್ ಪುಟ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ವಾಹನ ಎಣಿಸಿದ್ದು ಕನಕಪುರ ಮುಖ್ಯರಸ್ತೆಯಲ್ಲಿ. ಅರಳಿಕಟ್ಟೆಯ ಹೆಸರೇ ಇಲ್ಲ. ಎಣಿಸಿದ ದಿನ ಮೇ ತಿಂಗಳ ಎರಡನೇ ವಾರ. "ಮೇ ತಿಂಗಳಲ್ಲಿ ಶಾಲೆ ಎಲ್ಲಿರುತ್ತೆ ರೀ?" ಅಂದರು ಮೇಷ್ಟ್ರು. ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿರುವಾಗ ಎಣಿಸಿದರೆ ಯಾವ ರಸ್ತೆಯೂ ಖಾಲಿಯೇ, ಅಲ್ವಾ?

ಇನ್ನೊಂದು ವಿಷಯ ರಸ್ತೆಯ ಅಗಲ. ಬೆಂಗಳೂರಿನಲ್ಲಿ ಎಷ್ಟು ಕಟ್ಟಬಹುದು ಅನ್ನುವುದು ಎದುರಿನ ರಸ್ತೆ ಎಷ್ಟು ಅಗಲ ಅನ್ನುವುದರ ಮೇಲೂ ನಿಲ್ಲುತ್ತದೆ. ಅದಕ್ಕೆ ಎಫ್‌ಎಆರ್ ಅಂತಾರೆ. ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಡ ಎಬ್ಬಿಸಬಹುದು ಅನ್ನುವ ಲೆಕ್ಕ. ಅರ್ಜಿಯಲ್ಲಿ ನಮ್ಮ ರಸ್ತೆ 12 ಮೀಟರ್. ನಾವು ಟೇಪು ಹಿಡಿದು ಅಳೆದೆವು. ಮೋರಿಯಿಂದ ಮೋರಿಗೆ ಏಳು ಮೀಟರೂ ಇಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಕಡೆ ಐದಕ್ಕೆ ಇಳಿಯುತ್ತದೆ. ಕಟ್ಟುವವರು ತಮ್ಮ ಜಾಗದ ಮುಂದೆ ಒಂದಿಷ್ಟು ಬಿಟ್ಟುಕೊಡುತ್ತಾರೆ, ನಿಜ. ಅಲ್ಲಿ ಮಾತ್ರ ರಸ್ತೆ ಅಗಲ. ಹಿಂದೆ ಮುಂದೆ ಅದೇ ಗಲ್ಲಿ. ಕುರಿ ನುಂಗಿದ ಹೆಬ್ಬಾವಿನ ಹಾಗೆ.

ಸರಿ, ನಾವೇ ಎಣಿಸೋಣ ಅಂತ ಒಂದು ಮಂಗಳವಾರ ಬೆಳಗ್ಗೆ ಎಂಟಕ್ಕೆ ಅರಳಿಕಟ್ಟೆ ಮೇಲೆ ಕೂತೆವು. ಅಲ್ಲಿ ಹೂವು ಮಾರುವ ಒಬ್ಬ ಅಮ್ಮ ಇದ್ದಾರೆ. ಕಟ್ಟೆಯ ಕೆಳಗೆ ಗೋಣಿಚೀಲ ಹಾಸಿ, ಸೇವಂತಿಗೆ ಬುಟ್ಟಿ ಇಟ್ಟುಕೊಂಡು ಮಾರು ಹಾಕಿ ಕೊಡುತ್ತಾರೆ. ಟ್ಯಾಂಕರ್ ಬಂತೆಂದರೆ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ, ಮಾತು ಮಾತ್ರ ನಿಲ್ಲಿಸುವುದಿಲ್ಲ. ಒಂದು ಗಂಟೆಯಲ್ಲಿ ಹನ್ನೊಂದು ಸಲ ಎಳೆದರು. ಎಂಟೂ ಇಪ್ಪತ್ತಕ್ಕೆ ಶಾಲೆ ವ್ಯಾನು ಮತ್ತು ಟ್ಯಾಂಕರು ತಿರುವಿನಲ್ಲಿ ಎದುರಾಬದುರಾ ಆದವು. ಇಬ್ಬರಿಗೂ ಹಿಂದೆ ಹೋಗಲು ಜಾಗವಿಲ್ಲ. ಸ್ಕೂಟರಿನವರು ಮೋರಿ ಚಪ್ಪಡಿ ಮೇಲೆ ಹತ್ತಿ ಹೋದರು. ಚಪ್ಪಡಿ ಮೇಲೆ ನಡೆಯುತ್ತಿದ್ದವರು ಅಂಗಡಿಯೊಳಗೆ ಹತ್ತಿದರು.

ಭಾರತೀಯ ರಸ್ತೆ ಕಾಂಗ್ರೆಸ್ ಅನ್ನುವ ರಸ್ತೆ ಎಂಜಿನಿಯರುಗಳ ಸಂಸ್ಥೆ 1990ರಲ್ಲಿ ನಗರದ ರಸ್ತೆಗಳಿಗೆ ಒಂದು ಲೆಕ್ಕ ಕೊಟ್ಟಿದೆ. ಪ್ರತಿ ವಾಹನವನ್ನೂ ಕಾರಿನ ಅಳತೆಗೆ ತಂದು ಎಣಿಸುವುದು. ಕಾರಿಗೆ ಒಂದು. ಬೈಕುಗಳು ಜಾಸ್ತಿ ಇರುವ ರಸ್ತೆಯಲ್ಲಿ ಒಂದು ಬೈಕಿಗೆ ಮುಕ್ಕಾಲು. ಲಾರಿ, ಬಸ್ಸಿಗೆ ಎರಡೂಕಾಲರ ಹತ್ತಿರ, ಅವು ಜಾಸ್ತಿಯಾದಷ್ಟೂ ಇನ್ನೂ ಹೆಚ್ಚು. ಅಕ್ಕಪಕ್ಕ ಅಂಗಡಿ, ನಿಂತ ಗಾಡಿ ಎಲ್ಲ ಇರುವ ಎರಡು ಲೇನಿನ ರಸ್ತೆಗೆ ಗಂಟೆಗೆ 900 ಮಿತಿ ಅಂತ ಅದರಲ್ಲಿದೆ. ಎರಡು ಲೇನು ಅಂದರೆ ಕನಿಷ್ಠ ಏಳು ಮೀಟರ್, ನಮಗೆ ಅದೂ ಇಲ್ಲ. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಕೂಡಿಸಿದರು. ಕಮ್ಮಿ ಹಿಡಿದರೂ 900 ಆಗಲೇ ತುಂಬಿತ್ತು. ತೋಟದಲ್ಲಿ ಇನ್ನೂ ಒಂದು ಇಟ್ಟಿಗೆ ಬಿದ್ದಿಲ್ಲ.

"ನಮ್ಮಲ್ಲಿ ಎಲ್ಲರಿಗೂ ಒಳಗೇ ಪಾರ್ಕಿಂಗ್ ಇದೆ, ನಿಮಗೇನು ತೊಂದರೆ?" ಎಂದು ಮಾರಾಟದ ಹುಡುಗ ಕೇಳಿದ. ಪಾಪ, ಒಳ್ಳೆ ಹುಡುಗ, ಕಾಫಿ ಕೊಟ್ಟ. ಆದರೆ ನಿಂತ ಕಾರು ನಮಗೇನು ಮಾಡುತ್ತದೆ? ಗೇಟು ದಾಟಿ ಹೊರಗೆ ಬರುವ ಕಾರಿನ ಮಾತು ನಮ್ಮದು. 500 ಕಾರಿನಲ್ಲಿ ಮೂರನೇ ಒಂದು ಭಾಗ ಆ ಒಂದು ಗಂಟೆಯಲ್ಲಿ ಹೊರಟರೂ 160 ದಾಟುತ್ತದೆ.

ನೀರು ನೋಡಿ. ಮನೆಗೆ ನಾಲ್ಕು ಜನ ಅಂದರೆ ಎರಡು ಸಾವಿರ ಜನ. ಫ್ಲಶ್‌ಗೆ ಶುದ್ಧೀಕರಿಸಿದ ನೀರನ್ನೇ ಬಳಸಿದರೂ ತಲೆಗೆ 90 ಲೀಟರ್ ಹೊಸ ನೀರು ಬೇಕು ಅಂತಿಟ್ಟುಕೊಳ್ಳಿ. ದಿನಕ್ಕೆ 1,80,000 ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ ಹದಿನೈದು, ಹೋಗಿ ಬರುವುದು ಸೇರಿ ಮೂವತ್ತು ಸಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು, ಸಂತೋಷ. ಹೊಸ ಕಟ್ಟಡಕ್ಕೆ ಕೊಳವೆಯಲ್ಲಿ ಸಾಕಷ್ಟು ನೀರು ಬರುವವರೆಗೆ ಟ್ಯಾಂಕರೇ ಗತಿ.

ನಾವು ಕೇಳಿದ್ದು ಜಾಸ್ತಿ ಏನಲ್ಲ. ಶಾಲೆ ತೆರೆದಿರುವ ದಿನ, ಈ ತಿರುವಿನಲ್ಲೇ ಮತ್ತೆ ಎಣಿಸಿ. ತೋಟದ ಹಿಂಬದಿಗೆ ಅಗಲದ ರಸ್ತೆ ಇದೆ, ಮುಖ್ಯ ಗೇಟು ಆ ಕಡೆ ಇಡಿ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಟ್ಯಾಂಕರ್ ಬೇಡ, ಕಾಂಕ್ರೀಟ್ ಲಾರಿಯೂ ಬೇಡ. ರಸ್ತೆ ಅಗಲ ಆಗುವ ಮೊದಲು ಅಷ್ಟೂ ಮನೆಗೆ ಓಸಿ, ಅಂದರೆ ವಾಸಕ್ಕೆ ಅನುಮತಿ ಪತ್ರ, ಕೊಡಬೇಡಿ. ಇವನ್ನು ಬರೆದು ಯಾರಿಗೆ ಕೊಡಬೇಕು ಅನ್ನುವುದೇ ಒಂದು ಕಥೆ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು, ಮೇಲೊಂದು ಪ್ರಾಧಿಕಾರ ಬಂತು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಒಂದು ಕಡೆ ಸೀಲು ಹಾಕಿಸಿಕೊಂಡು ಬಂದೆವು.

ಎಂಜಿನಿಯರ್ ಒಬ್ಬರು ಮುಂದಿನ ಮಂಗಳವಾರ ಎಂಟು ಗಂಟೆಗೆ ಖುದ್ದಾಗಿ ಬಂದು ನೋಡುತ್ತೇನೆ ಅಂದಿದ್ದಾರೆ. ಹೂವಿನ ಅಮ್ಮನಿಗೆ ಈ ಸುದ್ದಿ ಹೇಳಿದೆ. ಅವರು ಬುಟ್ಟಿ ಎಳೆದುಕೊಳ್ಳುತ್ತಲೇ, "ಕಾರಲ್ಲಿ ಬರಬೇಡಿ ಅಂತ ಹೇಳಿ ಸ್ವಾಮಿ, ನಿಲ್ಲಿಸೋಕೆ ಜಾಗ ಇಲ್ಲ" ಅಂದರು.

ನಮಸ್ಕಾರ.