ಇಳಿಯುವ ಎರೆಯ ಲೆಕ್ಕ: ಬಂದರಿನ ದಡದಿಂದ ಬೊಂಡಾಸ್ ಮತ್ತು ಬ್ರೀಮ್

ಕೇಳುಗರಿಗೆ ನಮಸ್ಕಾರ.

ಬಂದರಿನ ಜೆಟ್ಟಿಯ ಮೇಲೆ ಹಗಲು ಹೊತ್ತಿನಲ್ಲಿ ಒಮ್ಮೆ ಬರಿಗೈಯಲ್ಲಿ ನಡೆದು ನೋಡಿ. ಕಾಂಕ್ರೀಟಿನ ಅಂಚಿನಲ್ಲಿ ಅಲ್ಲಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆಗಳಿರುತ್ತವೆ. ಅದು ದೋಣಿಯ ಎಣ್ಣೆಯಲ್ಲ, ನೀರಿನಿಂದ ಮೇಲೆತ್ತಿದ ಬೊಂಡಾಸ್ ಕಾರಿದ ಶಾಯಿ. ಕಲೆ ಕಡುಗಪ್ಪಾಗಿದ್ದರೆ ಇತ್ತೀಚಿನದು, ಮಾಸಿ ಬೂದಿಯಾಗಿದ್ದರೆ ಹಳೆಯದು. ಕಲೆಗಳು ಒತ್ತೊತ್ತಾಗಿ ಬಿದ್ದಿರುವ ಕಡೆ ನಿಂತು ಕೆಳಗಿನ ನೀರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕಡಲ ಹುಲ್ಲು ಬೆಳೆದ ತಳವಿರಬಹುದು, ಮರಳಿಗೂ ಬಂಡೆಗೂ ನಡುವಿನ ಗಡಿಯಿರಬಹುದು, ಇಲ್ಲವೇ ರಾತ್ರಿ ದೀಪ ಬೀಳುವ ಜಾಗವಿರಬಹುದು. ಬೊಂಡಾಸ್, ಅಂದರೆ ಸ್ಕ್ವಿಡ್, ದೀಪದ ನಟ್ಟನಡುವೆ ಇರುವುದು ಕಡಿಮೆ. ಬೆಳಕು ಮುಗಿದು ನೆರಳು ಶುರುವಾಗುವ ಗೆರೆಯಲ್ಲಿ ನಿಂತು ಬೆಳಕಿಗೆ ಬಂದ ಸಣ್ಣ ಮೀನಿಗಾಗಿ ಕಾಯುತ್ತದೆ. ಹಾಗಾಗಿ ಎರೆ ಎಸೆಯಬೇಕಾದದ್ದು ಆ ಗೆರೆಯ ಆಚೆಗೆ.

ಇವತ್ತು ಮಾತಾಡುತ್ತಿರುವುದು ಎರಡು ಬೇಟೆಗಳ ಬಗ್ಗೆ: ಒಂದು ಬೊಂಡಾಸ್, ಇನ್ನೊಂದು ಬ್ರೀಮ್. ಬ್ರೀಮ್ ಅಂದರೆ ಬೆಳ್ಳಿ ಮೈಯ, ಎತ್ತರ ಬೆನ್ನಿನ, ಚಿಪ್ಪು ಒಡೆಯುವ ದವಡೆ ಹಲ್ಲಿನ ಮೀನು. ಎರಡನ್ನೂ ದಡದಲ್ಲೇ ನಿಂತು ಕೃತಕ ಎರೆಯಲ್ಲಿ ಹಿಡಿಯಬಹುದು. ಎರಡರ ಸಾಮಾನು ಬೇರೆ, ಸ್ವಭಾವ ಬೇರೆ. ಆದರೆ ಹೊಸಬರು ಮಾಡುವ ತಪ್ಪು ಮಾತ್ರ ಎರಡರಲ್ಲೂ ಒಂದೇ. ಎರೆಯನ್ನು ಎಳೆಯುವುದರಲ್ಲೇ ಅವರ ಗಮನವೆಲ್ಲ ಮುಗಿದುಹೋಗುತ್ತದೆ. ಬೊಂಡಾಸ್ ಆಗಲಿ ಬ್ರೀಮ್ ಆಗಲಿ, ಬಹುಪಾಲು ಸಲ ಎರೆಯನ್ನು ಹಿಡಿಯುವುದು ಅದು ಕೆಳಗಿಳಿಯುವಾಗ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಇಳಿಸುವುದನ್ನು.

ಮೊದಲು ಬೊಂಡಾಸ್. ಇದಕ್ಕೆ ಬಳಸುವ ಕೃತಕ ಎರೆಗೆ ಜಿಗ್ ಅನ್ನುತ್ತಾರೆ, ಅದು ಜಪಾನಿನಿಂದ ಬಂದದ್ದು. ಅಲ್ಲಿನ ಮೀನುಗಾರರು ಮರದಲ್ಲಿ ಸಿಗಡಿಯ ಆಕಾರ ಕೆತ್ತಿ ಬಳಸುತ್ತಿದ್ದರು. ಅದರ ಹೆಸರು ಎಗಿ. ಇವತ್ತಿನ ಜಿಗ್ ಪ್ಲಾಸ್ಟಿಕ್ಕಿನದು, ಮೇಲೆ ಬಟ್ಟೆಯ ಹೊದಿಕೆ, ಗಂಟಲ ಕೆಳಗೆ ಸೀಸದ ತುಂಡು, ಬಾಲದಲ್ಲಿ ಮೇಲ್ಮುಖವಾಗಿ ಬಾಗಿದ ಸೂಜಿಗಳ ಎರಡು ಸುತ್ತು. ಅಳತೆಯೂ ಜಪಾನಿನ ಸುನ್ ಲೆಕ್ಕದಲ್ಲೇ ಉಳಿದಿದೆ. ಒಂದು ಸುನ್ ಸುಮಾರು 3 ಸೆಂಟಿಮೀಟರ್. ಬಂದರಿನೊಳಗಿನ ಶಾಂತ ನೀರಿಗೆ 2.5 ಮತ್ತು 3.0 ಅಳತೆಯವು ಸಾಕು. ತೂಕ ಸುಮಾರು 10ರಿಂದ 15 ಗ್ರಾಂ. ಗಾಳಿ, ಸೆಳೆತ, ಆಳ ಹೆಚ್ಚಿದ್ದರೆ 3.5 ಅಳತೆ, ಸುಮಾರು 20 ಗ್ರಾಂ.

ಅಂಗಡಿಯಲ್ಲಿ ಬಣ್ಣಗಳ ಸಾಲು ನೋಡಿ ಮರುಳಾಗಬೇಡಿ. ಹೆಚ್ಚಿನ ಜಾತಿಯ ಬೊಂಡಾಸ್‌ಗಳ ಕಣ್ಣಿಗೆ ಬಣ್ಣ ಬೇರ್ಪಡಿಸುವ ಶಕ್ತಿಯೇ ಇಲ್ಲ. ಅವು ಗುರುತಿಸುವುದು ಆಕಾರ, ಚಲನೆ, ಬೆಳಕು ಮತ್ತು ಕಪ್ಪಿನ ಅಂತರ. ಒಂದು ಗಾಢ ಬಣ್ಣದ್ದು, ಒಂದು ತೆಳು ಬಣ್ಣದ್ದು, ಒಂದು ಕತ್ತಲಲ್ಲಿ ಮಿನುಗುವಂಥದ್ದು ಇದ್ದರೆ ಕಲಿಯುವವರಿಗೆ ಧಾರಾಳವಾಯಿತು. ಉಳಿದ ಹಣ ಒಳ್ಳೆಯ ದಾರಕ್ಕೆ ಹಾಕಿ.

ದಾರದ ವಿಷಯ. ಏಳೂವರೆಯಿಂದ ಎಂಟೂವರೆ ಅಡಿಯ ಕೋಲು, 2500 ಅಥವಾ 3000 ಅಳತೆಯ ರೀಲು, ಅದರಲ್ಲಿ 10ರಿಂದ 15 ಪೌಂಡಿನ, ಅಂದರೆ ಅಷ್ಟು ಎಳೆತ ತಡೆಯುವ, ಹೆಣೆದ ದಾರ. ಹೆಣೆದ ದಾರ ಹಿಗ್ಗುವುದಿಲ್ಲ. ಇಪ್ಪತ್ತು ಮೀಟರ್ ಆಚೆ ಬೊಂಡಾಸ್ ಮುಟ್ಟಿದ್ದೂ ಬೆರಳಿಗೆ ಗೊತ್ತಾಗುತ್ತದೆ. ಆದರೆ ಕಲ್ಲಿಗೆ, ಚಿಪ್ಪಿಗೆ ಉಜ್ಜಿದರೆ ಕ್ಷಣದಲ್ಲಿ ಹರಿಯುತ್ತದೆ. ಅದಕ್ಕೇ ತುದಿಗೆ ಒಂದೂವರೆ ಮೀಟರ್ ಉದ್ದದ, 8ರಿಂದ 12 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ಉಜ್ಜಿದರೂ ತಾಳುವ ತುದಿದಾರ, ಸೇರಿಸಬೇಕು. ಕಲಿಯುವವರಿಗೆ ಡಬಲ್ ಯೂನಿ ಗಂಟು ಸುಲಭ: ಹೆಣೆದ ದಾರದ ಕಡೆ ಏಳೆಂಟು ಸುತ್ತು, ಲೀಡರ್ ಕಡೆ ನಾಲ್ಕೈದು ಸುತ್ತು. ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡಿ. ಒಣ ಗಂಟನ್ನು ಎಳೆದರೆ ಉಜ್ಜಿ ಬಿಸಿಯಾಗಿ ದಾರ ಅಲ್ಲೇ ಸೋಲುತ್ತದೆ. ಲೀಡರ್ ತುದಿಗೆ ಸಣ್ಣ ಕೊಕ್ಕೆ, ಅಂದರೆ ಸ್ನ್ಯಾಪ್, ಇದ್ದರೆ ಜಿಗ್ ಬದಲಿಸುವುದು ಕತ್ತಲಲ್ಲೂ ಸಲೀಸು.

ಇನ್ನು ಎಸೆತ. ಜಿಗ್ ನೀರಿಗೆ ಬಿದ್ದ ತಕ್ಷಣ ದಾರ ಹೊರಹೋಗುವುದನ್ನು ತಡೆಯುವ ರೀಲಿನ ತಂತಿಬಳೆಯನ್ನು ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಬೆರಳಿನಿಂದ ಎಳೆದು ಬಿಗಿ ಮಾಡಿ. ಹಿಡಿಕೆ ತಿರುಗಿಸಿ ಮುಚ್ಚುವ ಅಭ್ಯಾಸವಾದರೆ ಸಡಿಲ ಸುರುಳಿ ಒಳಗೆ ಸೇರಿಕೊಳ್ಳುತ್ತದೆ. ಹತ್ತು ಎಸೆತ ಕಳೆದ ಮೇಲೆ ಬಿಡಿಸಲಾಗದ ಗೋಜಲು ಹೊರಬರುವುದು ಆ ಸುರುಳಿಯಿಂದಲೇ.

ಈಗ ಎಣಿಕೆ ಶುರು. 3.5 ಅಳತೆಯ ಸಾಮಾನ್ಯ ಜಿಗ್ ಒಂದು ಮೀಟರ್ ಇಳಿಯಲು ಮೂರರಿಂದ ಮೂರೂವರೆ ಸೆಕೆಂಡು ತೆಗೆದುಕೊಳ್ಳುತ್ತದೆ. ಚಿಕ್ಕವು ಇನ್ನೂ ನಿಧಾನ. ಮೊದಲ ಎಸೆತದಲ್ಲಿ ತಳ ಮುಟ್ಟುವವರೆಗೆ ಎಣಿಸಿ. ಜಿಗ್ ತಳಕ್ಕೆ ಕೂತಾಗ ಬಿಗಿಯಾಗಿ ಹರಿಯುತ್ತಿದ್ದ ದಾರ ತಟ್ಟನೆ ಸೋತು ನೀರಿನ ಮೇಲೆ ಮಲಗುತ್ತದೆ. ಅದು 20ಕ್ಕೆ ಆಯಿತು ಅನ್ನಿ, ಅಲ್ಲಿಗೆ ಆಳ ಸುಮಾರು ಆರು ಮೀಟರ್. ಮುಂದಿನ ಎಸೆತದಲ್ಲಿ 16ಕ್ಕೇ ನಿಲ್ಲಿಸಿ. ಜಿಗ್ ಹುಲ್ಲಿನಿಂದ ಒಂದು ಮೀಟರ್ ಮೇಲಿರುತ್ತದೆ; ಸಿಕ್ಕಿಹಾಕಿಕೊಳ್ಳುವುದಿಲ್ಲ, ಹುಲ್ಲಿನೊಳಗಿನ ಬೊಂಡಾಸ್ ಕಣ್ಣಿಗೂ ಬೀಳುತ್ತದೆ. ಉಬ್ಬರ ಏರುತ್ತಿದ್ದರೆ ಅರ್ಧ ಗಂಟೆಗೊಮ್ಮೆ ಮತ್ತೆ ತಳ ಎಣಿಸಬೇಕು, ಲೆಕ್ಕ ಬದಲಾಗಿರುತ್ತದೆ.

ಆಮೇಲೆ ಕೋಲನ್ನು ಎರಡು ಸಲ, ಮೂರು ಸಲ ಚುರುಕಾಗಿ ಮೇಲಕ್ಕೆ ಕುಲುಕಿ. ಜಿಗ್ ಒಂದೂವರೆ ಮೀಟರ್‌ನಷ್ಟು ಜಿಗಿಯುತ್ತದೆ, ಹೆದರಿದ ಸಿಗಡಿ ಚಿಮ್ಮಿದ ಹಾಗೆ. ನಂತರ ಕೋಲಿನ ತುದಿ ತಗ್ಗಿಸಿ ಐದಾರು ಸೆಕೆಂಡು ಇಳಿಯಲು ಬಿಡಿ. ಕುಲುಕಾಟ ಬರೀ ಕರೆಯುವುದಕ್ಕೆ. ಬೊಂಡಾಸ್ ಹತ್ತಿರ ಬಂದು ಎರಡು ಉದ್ದ ಬಾಹುಗಳನ್ನು ಚಾಚುವುದು ಈ ಐದಾರು ಸೆಕೆಂಡಿನಲ್ಲಿ. ಆಗ ಕಣ್ಣು ದಾರದ ಮೇಲಿರಲಿ. ಇಳಿಯುತ್ತಿದ್ದ ದಾರ ನಡುವೆಯೇ ನಿಂತುಬಿಡಬಹುದು, ಪಕ್ಕಕ್ಕೆ ಸರಿಯಬಹುದು, ಇದ್ದಕ್ಕಿದ್ದಂತೆ ಜೋರಾಗಿ ಓಡಬಹುದು. ಈ ಮೂರರಲ್ಲಿ ಯಾವುದಾದರೂ ಕಂಡರೆ ಕೋಲನ್ನು ಮೆಲ್ಲಗೆ, ದೃಢವಾಗಿ ಎತ್ತಿ. ಮೊದಲಿಗೆ ಒದ್ದೆ ಬಟ್ಟೆ ಸಿಕ್ಕಿದ ಹಾಗೆ ಜಡ ಭಾರ. ಪಾಚಿಯೇನೋ ಅಂದುಕೊಳ್ಳುವಷ್ಟರಲ್ಲಿ ಆ ಭಾರ ಉಸಿರಾಡಿದ ಹಾಗೆ ಎಳೆಯುತ್ತದೆ: ಒಂದು ಜಗ್ಗು, ಒಂದು ಬಿಡುವು, ಮತ್ತೆ ಒಂದು ಜಗ್ಗು. ಅದು ನೀರು ಹೀರಿ ಹಿಂದಕ್ಕೆ ಚಿಮ್ಮುತ್ತಿರುವ ಲಯ.

ಇಲ್ಲಿ ಆತುರ ಬೇಡ. ಜಿಗ್‌ನ ಸೂಜಿಗಳಿಗೆ ಗಾಳಕ್ಕಿರುವಂಥ ಮುಳ್ಳು ಇರುವುದಿಲ್ಲ. ದಾರ ಒಂದು ಕ್ಷಣ ಸಡಿಲಾದರೂ ಜಾರಿಕೊಳ್ಳುತ್ತದೆ; ಜೋರಾಗಿ ಜಗ್ಗಿದರೆ ಮೃದುವಾದ ಬಾಹು ಹರಿದು ಅದರ ತುಂಡು ಮಾತ್ರ ಮೇಲೆ ಬರುತ್ತದೆ. ರೀಲಿನ ಡ್ರ್ಯಾಗ್, ಅಂದರೆ ಎಳೆತ ಹೆಚ್ಚಾದಾಗ ದಾರ ಬಿಟ್ಟುಕೊಡುವ ಬಿಗಿತ, ಅದನ್ನು ಅರ್ಧ ಕಿಲೋ ಎಳೆತಕ್ಕೆ ಬಿಟ್ಟುಕೊಡುವಷ್ಟು ಸಡಿಲಿಸಿ, ಬೊಂಡಾಸ್ ಜಗ್ಗಿದಾಗ ದಾರ ಹೋಗಲಿ, ಬಿಡುವು ಕೊಟ್ಟಾಗ ಸುತ್ತಿಕೊಳ್ಳಿ. ಕೋಲನ್ನು ಪಂಪು ಹೊಡೆದ ಹಾಗೆ ಮೇಲೆ ಕೆಳಗೆ ಮಾಡಬೇಡಿ. ದಡಕ್ಕೆ ಬಂದ ಮೇಲೆ ನೀರಲ್ಲೇ ಒಂದೆರಡು ಸಲ ಶಾಯಿ ಕಾರಲು ಬಿಡಿ. ಕೈಬಲೆಯನ್ನು ತಲೆಯ ಕಡೆಯಿಂದ ತಂದರೆ ಹಿಂದಕ್ಕೆ ಚಿಮ್ಮಿ ತಪ್ಪಿಸಿಕೊಳ್ಳುತ್ತದೆ. ಬಾಲದ ಕಡೆ ಬಲೆ ಹಿಡಿದರೆ ತಾನಾಗಿಯೇ ಒಳಗೆ ನುಗ್ಗುತ್ತದೆ.

ಬ್ರೀಮ್‌ಗೆ ಬರೋಣ. ಜೆಟ್ಟಿಯ ಕಂಬಗಳಿಗೆ ಅಂಟಿದ ಚಿಪ್ಪು, ಅದರ ನಡುವೆ ಅಡಗಿದ ಏಡಿಮರಿ, ಸಿಗಡಿ, ಇವೇ ಅದರ ಊಟ. ಕಂಬದಿಂದ ಒಂದು ಮೀಟರ್ ದೂರ ಬಿದ್ದ ಎರೆಗೆ ಅದು ಬಾರದೇ ಹೋಗಬಹುದು, ಕಂಬಕ್ಕೆ ಒಂದು ಗೇಣು ಹತ್ತಿರ ಇಳಿದದ್ದಕ್ಕೆ ತಕ್ಷಣ ಬಾಯಿ ಹಾಕಬಹುದು. ಹಾಗಾಗಿ ದೂರ ಎಸೆಯುವುದಕ್ಕಿಂತ ಗುರಿ ಮುಖ್ಯ. ಹರಿವಿಗೆ ಎದುರಾಗಿ, ಕಂಬದ ಮೇಲ್ಬದಿಗೆ ಎಸೆದು, ಸೆಳೆತವೇ ಎರೆಯನ್ನು ಕಂಬದ ಬುಡಕ್ಕೆ ಒಯ್ಯುವಂತೆ ಮಾಡುವುದು ಒಳ್ಳೆಯದು.

ಸಾಮಾನು ಇನ್ನೂ ಹಗುರ. ಏಳು ಅಡಿಯ ಕೋಲು, 4ರಿಂದ 8 ಪೌಂಡಿನ ಹೆಣೆದ ದಾರ, 6 ಅಥವಾ 8 ಪೌಂಡಿನ ಲೀಡರ್, ಎರಡರಿಂದ ಮೂರು ಇಂಚಿನ ಮೆದು ಪ್ಲಾಸ್ಟಿಕ್ ಎರೆ, 2ರಿಂದ 3.5 ಗ್ರಾಮಿನ ಸೀಸದ ತಲೆಯಿರುವ ಗಾಳ. ತಳ ಮುಟ್ಟುವ ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಿ. ನಿಧಾನ ಇಳಿದಷ್ಟೂ ಬ್ರೀಮ್ ಕಣ್ಣೆದುರು ಹೆಚ್ಚು ಹೊತ್ತು ಇರುತ್ತದೆ. ಗಾಳದ ಕಡ್ಡಿ ತೀರಾ ತೆಳುವಾಗಿದ್ದರೆ ದವಡೆಯಲ್ಲಿ ಜಜ್ಜಿ ಹಾಕುತ್ತದೆ.

ಎರೆ ಪೋಣಿಸುವಲ್ಲಿ ಬಹಳ ಮಂದಿ ಎಡವುತ್ತಾರೆ. ಮೊದಲು ಗಾಳವನ್ನು ಎರೆಯ ಪಕ್ಕಕ್ಕೆ ಹಿಡಿದು, ಬಾಗು ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಹಾಕಿ. ಮೂತಿಯ ನಟ್ಟನಡುವೆ ಚುಚ್ಚಿ, ನೇರವಾಗಿ ಒಳಗೆ ಸರಿಸಿ, ಗುರುತಿನಲ್ಲಿ ಹೊರತೆಗೆಯಿರಿ. ಎರೆ ಸೆಟೆದುಕೊಂಡಿದ್ದರೆ ಅಥವಾ ಬಾಗಿದ್ದರೆ ಬಿಚ್ಚಿ ಮತ್ತೆ ಪೋಣಿಸಿ. ಬಾಗಿದ ಎರೆ ನೀರಲ್ಲಿ ಗಿರಗಿರ ತಿರುಗುತ್ತದೆ. ಮೀನು ಮುಟ್ಟುವುದಿಲ್ಲ, ದಾರವೂ ಮುರಿಗೆ ಬೀಳುತ್ತದೆ.

ಇಳಿಯುವಾಗ ದಾರ ಪೂರ್ತಿ ಬಿಗಿಯಾಗಿದ್ದರೆ ಎರೆ ಲೋಲಕದಂತೆ ಕಂಬದಿಂದ ನಿಮ್ಮ ಕಡೆ ತೂಗಿ ಬಂದುಬಿಡುತ್ತದೆ. ಪೂರ್ತಿ ಸಡಿಲವಾದರೆ ಮುಟ್ಟಿದ್ದೇ ತಿಳಿಯುವುದಿಲ್ಲ. ಸ್ವಲ್ಪವೇ ಜೋತುಬಿದ್ದಿರಲಿ. ಟಿಕ್ ಎಂದು ಒಂದು ತಟ್ಟು, ಅಥವಾ ಜೋತ ದಾರ ನೆಟ್ಟಗಾಗುವುದು, ಅಷ್ಟೇ ಸೂಚನೆ. ಕೋಲು ಝಾಡಿಸಬೇಡಿ, ಹಿಡಿಕೆ ಎರಡು ಸುತ್ತು ತಿರುಗಿಸಿ ಕೋಲೆತ್ತಿ. ಸಿಕ್ಕ ಮರುಕ್ಷಣ ಅದು ಕಂಬದ ಹಿಂದಕ್ಕೆ ನುಗ್ಗುತ್ತದೆ. ಇಲ್ಲಿ ಬೊಂಡಾಸ್‌ನ ಪಾಠ ತಲೆಕೆಳಗು, ಮೊದಲ ಮೂರು ಸೆಕೆಂಡು ದಾರ ಬಿಡಲೇಬಾರದು. ಡ್ರ್ಯಾಗನ್ನು ಲೀಡರ್ ಶಕ್ತಿಯ ಮೂರನೇ ಒಂದರಷ್ಟಕ್ಕೆ, ಅಂದರೆ ಸುಮಾರು ಒಂದು ಕಿಲೋಗೆ, ಮೊದಲೇ ತಕ್ಕಡಿ ಕೊಕ್ಕೆಗೆ ಎಳೆದು ನೋಡಿಟ್ಟುಕೊಳ್ಳಿ. ಪ್ರತಿ ಮೀನಿನ ನಂತರ ಲೀಡರನ್ನು ಉಗುರಿನ ಮೇಲೆ ಎಳೆಯಿರಿ. ಎಲ್ಲಾದರೂ ತರಿತರಿ ಅನ್ನಿಸಿದರೆ ಆ ಭಾಗ ಕತ್ತರಿಸಿ ಹೊಸ ಗಂಟು ಹಾಕಿ. ಮೀನು ಹಿಡಿಯುವಾಗ ಬೆನ್ನಿನ ಮುಳ್ಳಷ್ಟೇ ಅಲ್ಲ, ಹೊಟ್ಟೆಯ ಹಿಂಭಾಗದ ದಪ್ಪ ಮುಳ್ಳಿನ ಮೇಲೂ ಎಚ್ಚರವಿರಲಿ.

ಇಟ್ಟುಕೊಳ್ಳುವುದೆಷ್ಟು, ಬಿಡುವುದೆಷ್ಟು? ನಿಮ್ಮ ಕಡೆಯ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ಅದರ ಮೇಲೆ ಒಂದು ಮಾತು. ಬೊಂಡಾಸ್‌ನ ಆಯಸ್ಸು ಸುಮಾರು ಒಂದು ವರ್ಷ, ಮೊಟ್ಟೆಯಿಟ್ಟು ಸಾಯುತ್ತದೆ. ಬ್ರೀಮ್ ಹಾಗಲ್ಲ. ಕೆಲವು ಜಾತಿಗಳು 20 ವರ್ಷ ದಾಟಿ ಬದುಕುತ್ತವೆ. ಹಲವು ಜಾತಿಗಳಲ್ಲಿ ಮೀನು ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಅಂಥ ಕಡೆ ದೊಡ್ಡ ಮೀನೆಲ್ಲ ಒಯ್ದರೆ ಮೊಟ್ಟೆಯಿಡುವ ತಾಯಂದಿರನ್ನೇ ಒಯ್ದ ಹಾಗೆ. ದೊಡ್ಡದನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಬಂದರು ಮೊದಲಿಗೆ ದುಡಿಯುವವರ ಜಾಗ. ದೋಣಿ ಬರುವಾಗ ದಾರ ಎತ್ತಿಕೊಳ್ಳಿ, ಲಂಗರು ಹಗ್ಗಗಳ ಮೇಲೆ ಎಸೆಯಬೇಡಿ, ತಲೆಯ ದೀಪವನ್ನು ದೋಣಿ ನಡೆಸುವವರ ಕಣ್ಣಿಗೆ ಬಿಡಬೇಡಿ. ಎಸೆಯುವ ಮುನ್ನ ಪ್ರತಿ ಸಲವೂ ಹಿಂದೆ ತಿರುಗಿ ನೋಡಿ. ಪಾಚಿ ಹಿಡಿದ ಇಳಿಜಾರು ಕಲ್ಲಿನ ಮೇಲೆ ಒಬ್ಬರೇ ಇಳಿಯಬೇಡಿ. ಜೀವರಕ್ಷಕ ಅಂಗಿ ಹಾಕಿಕೊಂಡೇ ಇರಿ. ಎರೆ ತಳಕ್ಕೆ ಸಿಕ್ಕಿಬಿದ್ದರೆ ಮೊದಲು ದಾರ ಸಡಿಲಿಸಿ ಕೋಲಿನ ತುದಿ ಅಲುಗಿಸಿ, ಪಕ್ಕಕ್ಕೆ ನಡೆದು ಬೇರೆ ದಿಕ್ಕಿನಿಂದ ಎಳೆದು ನೋಡಿ. ಹರಿಯಲೇಬೇಕಾದರೆ ದಾರವನ್ನು ಕೈಗೆ ಸುತ್ತಬೇಡಿ, ಹೆಣೆದ ದಾರ ಚರ್ಮ ಸೀಳುತ್ತದೆ. ಒಂದು ಮರದ ತುಂಡಿಗೆ ಬಟ್ಟೆ ಸುತ್ತಿ, ಅದರ ಮೇಲೆ ದಾರ ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ ಎಳೆಯಿರಿ. ಹರಿದ ತುಂಡು ಮನೆಗೆ ತನ್ನಿ.

ಮನೆಗೆ ಬಂದ ಮೇಲೆ ಜಿಗ್‌ಗಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ಒದ್ದೆಯಲ್ಲೇ ಪೆಟ್ಟಿಗೆ ಮುಚ್ಚಿದರೆ ಸೂಜಿಗೆ ತುಕ್ಕು ಹಿಡಿಯುತ್ತದೆ. ತೊಳೆಯುವಾಗಲೇ ಬಾಗಿದ ಸೂಜಿಗಳನ್ನು ಸಣ್ಣ ಇಕ್ಕಳದಿಂದ ನೇರ ಮಾಡಿ. ಬಟ್ಟೆಯ ಹೊದಿಕೆಯಲ್ಲಿ, ಕುತ್ತಿಗೆಯ ಹತ್ತಿರ, ಕಚ್ಚಿ ಹರಿದ ಸಣ್ಣ ಗುರುತು ಇದೆಯೇ ನೋಡಿ. ಬೊಂಡಾಸ್ ತನ್ನ ಬೇಟೆಯ ತಲೆಯ ಹಿಂಭಾಗವನ್ನೇ ಕಚ್ಚುತ್ತದೆ. ಗುರುತು ಇದ್ದು ಬೊಂಡಾಸ್ ಸಿಕ್ಕಿಲ್ಲವೆಂದರೆ ಅದು ಹಿಡಿದಿತ್ತು, ನಿಮಗೆ ಗೊತ್ತಾಗಲಿಲ್ಲ. ಮುಂದಿನ ಸಲ ಆ ಐದಾರು ಸೆಕೆಂಡು ದಾರವನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಇಳಿಸಿ.

ನಮಸ್ಕಾರ.