ಹಿಂಬಾಗಿಲು ಹಾಕಿದ್ದೀರಾ?

ಭದ್ರಾವತಿ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯವಳು. ಬಹಳ ವರ್ಷ ಶಾಲೆಯಲ್ಲಿ ಪಾಠ ಹೇಳಿ ಈಗ ತೋಟದ ಮನೆಯಲ್ಲಿದ್ದೇನೆ. ಮಗ, ಸೊಸೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಮಕ್ಕಳನ್ನು ನೋಡಲು ಹೋದವರಿಗೆ ಅಲ್ಲಿ ಒಂದು ಸಲಕ್ಕೆ 6 ತಿಂಗಳ ತನಕ ಇರಲು ಬಿಡುತ್ತಾರೆ. ನಾನೂ ನಮ್ಮ ಯಜಮಾನರೂ ಒಂದು ಅಕ್ಟೋಬರಿನಲ್ಲಿ ಹೊರಟೆವು. ಈಗ ನಮ್ಮ ಕಡೆ ಯಾವ ಕೇರಿಗೆ ಹೋದರೂ ಒಂದೆರಡು ಮನೆಯ ಮಕ್ಕಳು ಹೊರದೇಶದಲ್ಲೇ ಇರುತ್ತಾರೆ, ಅಲ್ವಾ? ಅವರಿಗೂ, ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರಲಿ ಅಂತ ಈ ಮಾತು.

ಹೋದ ಮೂರನೇ ರಾತ್ರಿ. ಪಾತ್ರೆ ತೊಳೆದು, ಅಡುಗೆಮನೆಯ ಹಿಂಬಾಗಿಲು ಹಾಕಿದೆ. ನಮ್ಮ ಮನೆಯಲ್ಲಾದರೆ ಬಾಗಿಲು ಎಳೆದು, ಚಿಲಕ ಹಾಕಿ, ಅಗುಳಿ ಸರಿಸಿದರೆ ಆಯಿತು. ಅಲ್ಲಿ ಚಿಲಕವೂ ಇಲ್ಲ, ಅಗುಳಿಯೂ ಇಲ್ಲ. ಒಂದು ಹಿಡಿ ಮಾತ್ರ. ಎಳೆದೆ, 'ಟಕ್' ಅಂತು. ಹೋಗಿ ಮಲಗಿದೆ. ಬೆಳಿಗ್ಗೆ ಮಗ ಕೆಳಗೆ ಇಳಿದವನು, 'ಅಮ್ಮ, ರಾತ್ರಿ ಹಿಂಬಾಗಿಲು ಯಾರು ಹಾಕಿದ್ದು?' ಅಂದ. ನಾನೇ ಅಂದೆ. 'ಹಾಕಿಲ್ಲ ಅಮ್ಮ, ಸುಮ್ನೆ ಮುಚ್ಚಿದ್ದೀಯ' ಅಂದ.

ಆಮೇಲೆ ತೋರಿಸಿಕೊಟ್ಟ. ಹಿಡಿಯನ್ನು ಮೇಲಕ್ಕೆ ಎತ್ತಬೇಕು. ಎತ್ತಿದಾಗ ಬಾಗಿಲಿನ ಅಂಚಿನಲ್ಲಿ ಮೇಲೊಂದು, ಕೆಳಗೊಂದು, ನಡುವೆ ಒಂದು ಕೊಕ್ಕೆ ಹೊರಗೆ ಬಂದು ಚೌಕಟ್ಟಿನೊಳಗೆ ಕೂರುತ್ತದೆ. ಅಷ್ಟಾದರೂ ಸಾಲದು. ಬೀಗದ ಕೈ ಹಾಕಿ ತಿರುಗಿಸಬೇಕು. ತಿರುಗಿಸದೆ ಬಿಟ್ಟರೆ ಹೊರಗಿನವನು ಹಿಡಿ ಒತ್ತಿದ ಕೂಡಲೇ ಕೊಕ್ಕೆಗಳು ವಾಪಸ್ ಒಳಗೆ ಹೋಗುತ್ತವೆ. ನಾನು ಕೊಕ್ಕೆಯ ತನಕವೂ ಹೋಗಿರಲಿಲ್ಲ. ಇಡೀ ರಾತ್ರಿ ಆ ಮನೆ ಬಾಗಿಲು ತೆಗೆದಿಟ್ಟ ಹಾಗೇ ಇತ್ತು. ಬಾಗಿಲಿನ ಪಕ್ಕದ ಮೇಜಿನ ಮೇಲೆ ಮಗನ ಲ್ಯಾಪ್‌ಟಾಪ್, ಕಾರಿನ ಬೀಗದ ಕೈ, ನಮ್ಮಿಬ್ಬರ ಪಾಸ್‌ಪೋರ್ಟ್. ಯಾರೂ ಬರಲಿಲ್ಲ, ನಮ್ಮ ಪುಣ್ಯ.

ಹೊಸ ದೇಶಕ್ಕೆ ಹೋದವರು ಅಲ್ಲಿನ ಬಸ್ಸು, ಬ್ಯಾಂಕು ಎಲ್ಲ ಕಲಿಯುತ್ತಾರೆ. ಬಾಗಿಲು ಹಾಕುವುದನ್ನು ಯಾರೂ ಹೇಳಿಕೊಡುವುದಿಲ್ಲ. ಬಾಗಿಲು ಅಂದರೆ ಬಾಗಿಲು ಅಂದುಕೊಳ್ಳುತ್ತೇವೆ. ಮನೆಗೆ ಬಂದ ಅತ್ತೆ ಮಾವನಿಗೆ ಮೊದಲ ದಿನವೇ ಇದನ್ನು ನಾಲ್ಕು ಸಲ ಮಾಡಿಸಿ. ನೋಡಿಸಿದರೆ ಸಾಲದು, ಅವರ ಕೈಯಿಂದಲೇ ಮಾಡಿಸಬೇಕು.

ಆ ಬಾಗಿಲಿನ ಬೀಗಕ್ಕೂ ಒಂದು ದೌರ್ಬಲ್ಯ ಇದೆ. ಬೀಗದ ಕೈ ತೂರಿಸುವ ಹಿತ್ತಾಳೆಯ ತುಂಡು ಬಾಗಿಲಿನ ಈ ಕಡೆಯಿಂದ ಆ ಕಡೆಗೆ ಹೋಗಿರುತ್ತದೆ. ಹಳೆಯ ಮಾದರಿಯದು ನಡುವೆ ತೆಳ್ಳಗಿರುತ್ತದೆ. ಹೊರಗೆ ಚಾಚಿಕೊಂಡಿದ್ದರೆ ಕಳ್ಳ ಹಿಡಿದು ಮುರಿದೇ ಬಿಡುತ್ತಾನೆ. ಹಾಗೆ ಮುರಿಯಲು ಬಾರದಂಥ ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಅವುಗಳ ಮೇಲೆ ಮೂರು ನಕ್ಷತ್ರದ ಗುರುತು ಇರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ ಹಾಕಿಸಿಕೊಳ್ಳಬೇಕು. ಕೇಳಲು ಸಂಕೋಚ ಬೇಡ. ನಿಮಗಿಂತ ಮೊದಲು ಆ ಮನೆಯಲ್ಲಿದ್ದವರ ಹತ್ತಿರ ಎಷ್ಟು ಬೀಗದ ಕೈ ಉಳಿದಿವೆ ಅಂತ ಯಾರಿಗೆ ಗೊತ್ತು?

ಇನ್ನೊಂದು, ಮುಂಬಾಗಿಲಲ್ಲಿ ಕಾಗದ ಹಾಕುವ ಸೀಳು. ಅಂಚೆಯವನು ಅದರೊಳಗೆ ತೂರಿಸಿ ಹೋಗುತ್ತಾನೆ. ಕಳ್ಳ ಅದೇ ಸೀಳಿನಲ್ಲಿ ಕೊಕ್ಕೆ ಕಟ್ಟಿದ ಕೋಲು ತೂರಿಸಿ, ಒಳಗೆ ಗೋಡೆಗೆ ನೇತುಹಾಕಿದ ಬೀಗದ ಕೈ ಎಳೆದುಕೊಳ್ಳುತ್ತಾನೆ. ನಾವು ದೋಟಿಯಲ್ಲಿ ಪೇರಳೆಹಣ್ಣು ಕೀಳುವುದಿಲ್ಲವೇ, ಹಾಗೆ.

ಈಗ ಚಿನ್ನದ ವಿಷಯ. ಇದು ನಮ್ಮವರಿಗೇ ಅಂಟಿಕೊಂಡ ತಾಪತ್ರಯ.

ಅಲ್ಲಿನ ಸಾಮಾನ್ಯ ಅಂಗಡಿಯಲ್ಲಿ ಸಿಗುವ ಉಂಗುರ, ಸರ ಹೆಚ್ಚಾಗಿ 9 ಕ್ಯಾರೆಟ್. ಅಂದರೆ 100 ಗ್ರಾಂನಲ್ಲಿ ಚಿನ್ನ 37.5 ಗ್ರಾಂ ಮಾತ್ರ. ನಮ್ಮದು 22 ಕ್ಯಾರೆಟ್, 91.6 ಗ್ರಾಂ. ಒಂದೇ ತೂಕದ ಸರ ಕದ್ದರೂ ನಮ್ಮ ಮನೆಯದರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಚಿನ್ನ. ಕರಗಿಸಿದರೆ ಗುರುತೂ ಸಿಗುವುದಿಲ್ಲ. ಈ ಲೆಕ್ಕ ಅಲ್ಲಿನ ಕಳ್ಳರಿಗೆ ಬಾಯಿಪಾಠ. ದೀಪಾವಳಿ, ಮದುವೆ ಕಾಲ ಬಂತೆಂದರೆ ಏಷ್ಯಾದ ಕುಟುಂಬಗಳೇ, ಚಿನ್ನ ಜೋಪಾನ ಅಂತ ಅಲ್ಲಿನ ಪೊಲೀಸರೇ ಹೇಳುತ್ತಾರೆ. ಯಾರ ಮನೆ ಅಂತ ಹುಡುಕಲೂ ಬೇಕಿಲ್ಲ. ಬಾಗಿಲಿಗೆ ತೋರಣ, ಮೆಟ್ಟಿಲ ಮೇಲೆ ಚಪ್ಪಲಿಯ ಸಾಲು. ಅದನ್ನೆಲ್ಲ ತೆಗೆದುಬಿಡಿ ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ತೋರಣ ಕಟ್ಟದೆ ಇರಲು ಆಗುತ್ತದೆಯೇ? ಚಿನ್ನ ಇಟ್ಟುಕೊಳ್ಳಬೇಡಿ ಅಂತ ಮಾತ್ರ ಹೇಳುತ್ತೇನೆ.

ಲೆಸ್ಟರ್‌ನಲ್ಲಿ ದೀಪಾವಳಿಗೆ ಬೆಲ್‌ಗ್ರೇವ್ ರಸ್ತೆಯ ಉದ್ದಕ್ಕೂ ದೀಪ ಹಚ್ಚುತ್ತಾರೆ. ಊರಿನ ಭಾರತೀಯರೆಲ್ಲ ಅಲ್ಲೇ ಸೇರುತ್ತಾರೆ. ಅಂಥ ಒಂದು ಸಂಜೆ ಮಗನ ಪರಿಚಯದ ಒಂದು ಕನ್ನಡದ ಮನೆಗೆ ಕಳ್ಳರು ನುಗ್ಗಿದರು. ಮಾರನೇ ದಿನ ನಾವೂ ಹೋಗಿದ್ದೆವು. ಕಪಾಟಿನ ಸೀರೆಗಳೆಲ್ಲ ಮಂಚದ ಮೇಲೆ. ದೇವರ ಫೋಟೋ ಗೋಡೆ ಕಡೆ ಮುಖ ಮಾಡಿತ್ತು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬ ಬೋರಲು, ನೆಲದ ತುಂಬಾ ಸೋನಾ ಮಸೂರಿ. ಅಜ್ಜಿಯ ಕಾಲದ ಅವಲಕ್ಕಿ ಸರ ಆ ಅಕ್ಕಿಯೊಳಗೆ ಇತ್ತಂತೆ. ಆ ಮನೆಯ ಹುಡುಗಿ ಅಕ್ಕಿಯನ್ನು ಗುಡಿಸಿ ಮೊರಕ್ಕೆ ತುಂಬಿದಳು. ಬಿಸಾಡಲೂ ಮನಸ್ಸು ಬರದೆ, ಬೇಯಿಸಲೂ ಮನಸ್ಸು ಬರದೆ, ಮೊರ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಅಕ್ಕಿ ಡಬ್ಬ, ಸೀರೆ ಮಡಿಕೆ, ದೇವರ ಪಟದ ಹಿಂದೆ. ನಮ್ಮ ತಾಯಂದಿರು ಹೇಳಿಕೊಟ್ಟ ಜಾಗಗಳು ಇವೇ ಅಲ್ವಾ? ಕಳ್ಳರಿಗೂ ಗೊತ್ತಾಗಿಹೋಗಿದೆ.

ಬ್ಯಾಂಕ್ ಲಾಕರ್ ಅಂದರೆ ಅಲ್ಲಿ ಸುಲಭವಲ್ಲ. ಅಲ್ಲಿನ ಎಷ್ಟೋ ದೊಡ್ಡ ಬ್ಯಾಂಕುಗಳು ಲಾಕರ್ ಕೊಡುವುದನ್ನೇ ನಿಲ್ಲಿಸಿವೆ. ಖಾಸಗಿ ಲಾಕರ್ ಕಂಪನಿಗಳಿವೆ. 2015ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿ ಅಂಥದ್ದೇ ಒಂದಕ್ಕೆ ಕಾಂಕ್ರೀಟ್ ಗೋಡೆ ಕೊರೆದು ನುಗ್ಗಿದ್ದರು. ಸಿಕ್ಕಿಬಿದ್ದವರಲ್ಲಿ ಹಲವರು 60, 70 ದಾಟಿದ ಮುದುಕರು! ಮಂಡಿ ನೋವು ಅಂತ ಕೂತಿದ್ದ ನಮ್ಮ ಯಜಮಾನರಿಗೆ ಈ ಕಥೆ ಹೇಳಿ ನಗಿಸಿದ್ದೆ. ಹಾಗಂತ ಲಾಕರ್ ಬೇಡ ಅಂತಲ್ಲ. ಅಕ್ಕಿ ಡಬ್ಬಕ್ಕಿಂತ ಸಾವಿರ ಪಾಲು ವಾಸಿ.

ವಿಮೆ ಮಾಡಿಸಿದವರಿಗೆ ಒಂದು ಮಾತು. ಬೆಲೆಬಾಳುವ ಒಡವೆಗಳನ್ನು ಅಲ್ಲಿ ಬೇರೆಯಾಗಿ ಬರೆಸಬೇಕಾಗುತ್ತದೆ. ಅಜ್ಜಿ ಕೊಟ್ಟ ಸರಕ್ಕೆ ರಸೀದಿ ಎಲ್ಲಿಂದ ತರೋದು? ಅದಕ್ಕೇ ಫೋಟೋ ತೆಗೆದಿಡಿ, ಅಕ್ಕಸಾಲಿಗರಿಂದ ತೂಕ, ಬೆಲೆ ಬರೆಸಿಡಿ. ಇನ್ನೊಂದು ಸೂಕ್ಷ್ಮ ಇದೆ. ಮನೆ 30 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದರೆ ಎಷ್ಟೋ ಪಾಲಿಸಿಗಳು ಕಳ್ಳತನಕ್ಕೆ ದುಡ್ಡು ಕೊಡುವುದಿಲ್ಲ. ಊರಿಗೆ ಬಂದು ಆರು ವಾರ ಇದ್ದು ಹೋಗುವ ಮಕ್ಕಳು ಹೊರಡುವ ಮೊದಲು ಆ ಸಣ್ಣ ಅಕ್ಷರ ಓದಬೇಕು.

ಕಳ್ಳನಿಗೆ ಬೇಕಾದದ್ದು ಖಾಲಿ ಮನೆ. ಮನೆ ಖಾಲಿ ಅಂತ ಅವನಿಗೆ ಯಾರು ಹೇಳುತ್ತಾರೆ? ಮನೆಯೇ ಹೇಳುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಗಂಡ ಹೆಂಡತಿ ಕೆಲಸದಿಂದ ಬರುವುದು ಆರಕ್ಕೆ. ಆ ಎರಡು ಗಂಟೆ ದೀಪ ಇಲ್ಲದ ಮನೆ ಯಾವುದು ಅಂತ ಬೀದಿಯಲ್ಲಿ ನಡೆದು ಹೋದವನಿಗೆ ಗೊತ್ತಾಗುತ್ತದೆ. ಸೊಸೆ ದೀಪಕ್ಕೆ ಒಂದು ಟೈಮರ್ ಹಾಕಿದ್ದಾಳೆ. ನಾಲ್ಕಕ್ಕೆ ತಾನೇ ಹತ್ತಿಕೊಳ್ಳುತ್ತದೆ. ಮತ್ತೆ ಕಸದ ಡಬ್ಬ. ಚಕ್ರ ಇರುವ ಎದೆಯೆತ್ತರದ ಡಬ್ಬ, ಕಸದ ಗಾಡಿ ಬರುವ ದಿನ ಬೀದಿಗೆ ತಂದಿಡಬೇಕು. ಡಬ್ಬದ ಮೇಲೆ ಮನೆ ನಂಬರ್ ಬೇರೆ ಬರೆದಿರುತ್ತಾರೆ. ಗಾಡಿ ಹೋಗಿ ಮೂರು ದಿನವಾದರೂ ಡಬ್ಬ ಬೀದಿಯಲ್ಲೇ ಇದ್ದರೆ ಇನ್ನೇನು ಬೇಕು?

ನಮ್ಮ ಮಗನ ಡಬ್ಬವನ್ನು ಒಳಗೆ ತಂದಿಡುವವರು ಪಕ್ಕದ ಮನೆಯ ಅಜ್ಜಿ. ಮಗ ಆ ಮನೆಗೆ ಬಂದು ಎರಡು ವರ್ಷ ಅವರ ಹೆಸರೂ ಕೇಳಿರಲಿಲ್ಲ. ನಾನು ಒಂದು ದಿನ ಕೋಡುಬಳೆ ಕೊಟ್ಟು ಬಂದೆ. ನನ್ನ ಇಂಗ್ಲಿಷು ಅವರಿಗೆ ಅರ್ಧ, ಅವರದು ನನಗೆ ಅರ್ಧ. ಅಷ್ಟು ಸಾಕಾಯಿತು. ಅಕ್ಕಪಕ್ಕದವರು ಮನೆ ನೋಡಿಕೊಳ್ಳುವುದನ್ನು ಅಲ್ಲಿ ಒಂದು ಸಂಘವಾಗಿಯೇ ಮಾಡಿಕೊಂಡಿದ್ದಾರೆ, ನೇಬರ್‌ಹುಡ್ ವಾಚ್ ಅಂತ. 1982ರಲ್ಲಿ ಚೆಶೈರಿನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಶುರುವಾದದ್ದು. ನಮ್ಮ ಕಡೆಯಾದರೆ ಜಗಲಿಯಲ್ಲಿ ಕೂತು ಕವಳ ಹಾಕುವವರೇ ಆ ಸಂಘ. ದಾರಿಯಲ್ಲಿ ಹೊಸಬ ಕಂಡರೆ 'ಯಾರ ಮನೆಗೆ?' ಅಂತ ಕೇಳದೆ ಬಿಡುವುದಿಲ್ಲ. ಚಿಕ್ಕವಳಿದ್ದಾಗ ಆ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು.

ನಮ್ಮಲ್ಲೂ ಕಳ್ಳತನ ಇತ್ತು ಅನ್ನಿ. ದೀಪಾವಳಿಯ ಹೊತ್ತಿನ ಬೂರೆ ಹಬ್ಬದ ರಾತ್ರಿ ಹುಡುಗರು ಹಿತ್ತಿಲ ಸೌತೆಕಾಯಿ, ಎಳನೀರು ಹಾರಿಸುತ್ತಿದ್ದರು. ಯಾರು ಅಂತ ಬೆಳಿಗ್ಗೆ ಎಲ್ಲರಿಗೂ ಗೊತ್ತಿರುತ್ತಿತ್ತು. ದೀಪಾವಳಿಗೆ ಮನೆಮನೆಗೆ ಹಾಡಿಕೊಂಡು ಬರುವ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮಧ್ಯರಾತ್ರಿ ಬಂದು ಹಾಡಿದರೂ ಬಾಗಿಲು ತೆಗೆದು ಎಣ್ಣೆ ಹೊಯ್ಯುತ್ತಿದ್ದೆವು. ಈಗ ಹಾಗಿಲ್ಲ. ಒಂಟಿ ಮನೆ, ಇರುವವರು ವಯಸ್ಸಾದ ಇಬ್ಬರು, ಮಕ್ಕಳು ಹೊರದೇಶದಲ್ಲಿ. ಅವರೂ ಬೀಗ ಹಾಕಿ ಆರು ತಿಂಗಳು ಹೊರಟರೆ?

ನಾವು ಹೊರಡುವಾಗ ನನ್ನ ಮೈದುನನ ಮಗ ವಿಮಾನ ನಿಲ್ದಾಣದಲ್ಲಿ ನಮ್ಮ ಫೋಟೋ ತೆಗೆದು, 'ದೊಡ್ಡಪ್ಪ ದೊಡ್ಡಮ್ಮ ಆರು ತಿಂಗಳು ಇಂಗ್ಲೆಂಡಿಗೆ' ಅಂತ ವಾಟ್ಸಾಪ್ ಸ್ಟೇಟಸ್ ಹಾಕಿಬಿಟ್ಟ. ಡಂಗುರ ಹೊಡೆಸಲು ದುಡ್ಡಾದರೂ ಆಗುತ್ತಿತ್ತು. ಅವತ್ತೇ ತೆಗೆಸಿದೆವು. ಫೋಟೋ ಎಲ್ಲ ವಾಪಸ್ ಬಂದ ಮೇಲೆ ಹಾಕಿಕೊಳ್ಳಲಿ.

ಮಗ ಇಲ್ಲಿನ ಮನೆಗೆ ಕ್ಯಾಮೆರಾ ಹಾಕಿಸಿದ್ದ. ಒಂದು ರಾತ್ರಿ ಅವನ ಫೋನು ಬಡಿದುಕೊಂಡಿತು. ಅಂಗಳದಲ್ಲಿ ಯಾರೋ! ಎಲ್ಲರೂ ಎದ್ದು ಕೂತು ನೋಡಿದೆವು. ಕಬ್ಬೆಕ್ಕು. ಇನ್ನೊಂದು ದಿನ ಮಂಗ ಬಂದು ಕ್ಯಾಮೆರಾವನ್ನೇ ತಿರುಗಿಸಿ ಹೋಯಿತು, ಆಮೇಲೆ ಒಂದು ವಾರ ಬರೀ ಹೆಂಚು ಕಾಣುತ್ತಿತ್ತು. ಕ್ಯಾಮೆರಾ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಬ್ಯಾಟರಿಯೂ ಸಾಯುತ್ತದೆ, ನೆಟ್‌ವರ್ಕೂ ಸಾಯುತ್ತದೆ.

ಮಲೆನಾಡಿನಲ್ಲಿ ಮನೆ ಖಾಲಿ ಅಂತ ಹೇಳುವುದು ಅಂಗಳದ ಪಾಚಿ. ಜನ ಓಡಾಡುವ ಅಂಗಳದಲ್ಲಿ ಪಾಚಿಯ ನಡುವೆ ಒಂದು ಕಾಲುದಾರಿ ಸವೆದಿರುತ್ತದೆ. ಹದಿನೈದು ದಿನ ಯಾರೂ ನಡೆಯದಿದ್ದರೆ ದಣಪೆಯಿಂದ ಮೆಟ್ಟಿಲ ತನಕ ಒಂದೇ ಹಸಿರು. ಕೆಳಗಿನ ಮನೆಯವರಿಗೆ ಬೀಗದ ಕೈ ಕೊಟ್ಟು, ಅಂಗಳ ಗುಡಿಸಿ, ಸಂಜೆ ದೀಪ ಹಚ್ಚಿ, ಒಂದು ಬಟ್ಟೆ ತಂತಿಯ ಮೇಲೆ ಹಾಕಿ ಅಂತ ಹೇಳಿದ್ದೆವು. ಹಾಗೇ ಮಾಡಿದರು.

ಹಳೆಯ ಮನೆಗಳಲ್ಲಿ ಹೆಬ್ಬಾಗಿಲು ಭದ್ರ, ಬಚ್ಚಲುಮನೆ ಬಾಗಿಲು ಪೊಳ್ಳು. ಮೇಲೆ ಹೆಂಚು. ನಾಲ್ಕು ಹೆಂಚು ಸರಿಸಿದರೆ ಅಟ್ಟಕ್ಕೆ ಇಳಿಯಬಹುದು. ಅಟ್ಟದಲ್ಲಿ ಅಡಿಕೆ ಮೂಟೆ ಇದ್ದರಂತೂ ಕೇಳುವುದೇ ಬೇಡ, ಕ್ವಿಂಟಾಲಿಗೆ ಅರ್ಧ ಲಕ್ಷ ದಾಟಿದ್ದುಂಟು. ನಾವು ಹೊರಡುವ ಮೊದಲೇ ಉಳಿದಿದ್ದ ಅಡಿಕೆಯನ್ನು ಬೆಳೆಗಾರರ ಸಹಕಾರ ಸಂಘ ಮಾಮ್ಕೋಸ್‌ಗೆ ಹಾಕಿದೆವು. ಒಡವೆ ಬ್ಯಾಂಕ್ ಲಾಕರಿಗೆ. ಇಲ್ಲೊಂದು ಲೆಕ್ಕ ತಿಳಿದಿರಲಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, 2022ರಿಂದ, ಲಾಕರಿನಲ್ಲಿ ಕಳ್ಳತನವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನ ತನಕ. ಬಾಡಿಗೆ 2,000 ಆದರೆ 2 ಲಕ್ಷ ಅಷ್ಟೇ. ಒಳಗಿರುವ ಚಿನ್ನದ ಬೆಲೆಯಲ್ಲ. ಪೊಲೀಸ್ ಠಾಣೆಗೂ ಒಂದು ಮಾತು ಹೇಳಿ ಹೋಗಿ, ಬೀಟಿನವರು ಆ ಕಡೆ ಬಂದಾಗ ಕಣ್ಣು ಹಾಯಿಸುತ್ತಾರೆ. ತುರ್ತು ನಂಬರ್ ನಮ್ಮಲ್ಲಿ 112. ಇಂಗ್ಲೆಂಡಿನಲ್ಲಿ 999. ಗಾಬರಿಯಲ್ಲಿ ಅದು ನೆನಪಾಗದಿದ್ದರೆ 112 ಒತ್ತಿದರೂ ಅಲ್ಲಿ ನಡೆಯುತ್ತದೆ.

ಪಕ್ಕದ ಮನೆಯ ಆ ಅಜ್ಜಿ ಹೊರಗೆ ಹೋಗುವಾಗ ರೇಡಿಯೋ ಹಾಕಿಟ್ಟು ಹೋಗುತ್ತಿದ್ದರು. ಹಾಡಿಗಿಂತ ಮಾತಿನ ಕಾರ್ಯಕ್ರಮವೇ ಒಳ್ಳೆಯದಂತೆ, ಹೊರಗೆ ನಿಂತವನಿಗೆ ಒಳಗೆ ಜನ ಇದ್ದಾರೆ ಅನ್ನಿಸುತ್ತದಂತೆ. ವಾಪಸ್ ಬಂದ ಮೇಲೆ ನಾನೂ ಅದನ್ನೇ ಮಾಡುತ್ತೇನೆ. ನಿಮ್ಮಲ್ಲೂ ಯಾರಾದರೂ ಹೀಗೇ ರೇಡಿಯೋ ಹಚ್ಚಿಟ್ಟು ತೀರ್ಥಹಳ್ಳಿ ಪೇಟೆಗೆ ಹೋಗಿರಬಹುದು. ಅಂಥವರ ಮನೆಯನ್ನು ಇಷ್ಟು ಹೊತ್ತು ನಾನು ಕಾದಿದ್ದೇನೆ. ನನ್ನ ಹೊತ್ತು ಮುಗಿಯಿತು, ಮುಂದಿನದು ಕೃಷಿ ಮಾತು ಇರಬೇಕು, ಅವರು ನೋಡಿಕೊಳ್ಳುತ್ತಾರೆ. ನಮಸ್ಕಾರ.